ಕಂಪೆನಿಗೆ ಬಾಗಿಲು ಎಲ್ಲಿದೆ?



ಮೊನ್ನೆ ರಾತ್ರಿ ಹಾಸ್ಟೆಲಿನ ಜಗುಲಿ ಮೇಲೆ ಕೂತು ಮಾತಾಡ್ತಿದ್ದೆವು. ಊಟ ಮುಗಿದಿತ್ತು. ಸಾರಿನಲ್ಲಿ ಬೇಳೆ ಹುಡುಕೋ ಕೆಲಸವೂ ಮುಗಿದಿತ್ತು. ಬಿ.ಕಾಂ. ಓದುವ ತಮ್ಮನೊಬ್ಬ ಹೇಳಿದ: "ಅಣ್ಣಾ, ಈ ಸರ್ಕಾರ ನಂಬಿ ಕೆಟ್ಟೆವು. ತಹಸೀಲ್ದಾರ ಯಾರವನು, ಸಬ್ ಇನ್ಸ್‌ಪೆಕ್ಟರ್ ಯಾರವನು ಅಂತ ನೋಡ್ಕೊಂಡೇ ನಮ್ಮ ಅರ್ಜಿ ಮುಂದಕ್ಕೆ ಹೋಗಬೇಕು. ಇನ್ನು ಮುಂದೆ ಎಲ್ಲಾ ಕಂಪೆನಿಗಳದೇ ಆಳ್ವಿಕೆ. ರಸ್ತೆ ಅವರದು, ಆಸ್ಪತ್ರೆ ಅವರದು, ನಗರವೂ ಅವರದೇ. ಬರಲಿ ಬಿಡಣ್ಣ. ಕಂಪೆನಿಗೆ ಜಾತಿ ಇಲ್ಲ. ಅದಕ್ಕೆ ಲಾಭ ಒಂದೇ ಗೊತ್ತು."

ನಾಲ್ಕಾರು ಹುಡುಗರು ಹೌದು ಹೌದು ಎಂದರು. ನಾನು ಆ ರಾತ್ರಿ ಸರಿಯಾಗಿ ಉತ್ತರ ಕೊಡಲಿಲ್ಲ. ಏಕೆಂದರೆ ಅವನು ಸರ್ಕಾರದ ಬಗ್ಗೆ ಹೇಳಿದ್ದು ನಿಜ. ಅರ್ಧ ಮಾತು ನಿಜ ಇದ್ದಾಗ ಉಳಿದರ್ಧವನ್ನು ಸುಳ್ಳು ಅನ್ನೋದು ಕಷ್ಟ. ಈಗ ಆ ಉತ್ತರವನ್ನು ಬರೆಯುತ್ತಿದ್ದೇನೆ.

ಮೊದಲು ನಮ್ಮವ್ವನ ವಿಷಯ. ಅವ್ವ ಒಂದು ಸಣ್ಣ ಪಟ್ಟಣದಲ್ಲಿ ಬೀದಿ ಗುಡಿಸುತ್ತಾಳೆ. ಒಂದು ಸಲ ಮೂರು ತಿಂಗಳು ಸಂಬಳ ಬರಲಿಲ್ಲ. ಅವ್ವ ಪುರಸಭೆ ಆಫೀಸಿಗೆ ಹೋದಳು. "ನೀನು ನಮ್ಮ ಕೆಲಸದವಳಲ್ಲಮ್ಮ, ಕಂಟ್ರಾಕ್ಟರನ್ನ ಕೇಳು" ಎಂದರು. ಕಂಟ್ರಾಕ್ಟರನ ಮೇಸ್ತ್ರಿ "ಮೇಲಿನ ಕಂಪೆನಿಯಿಂದ ದುಡ್ಡು ಬಂದಿಲ್ಲ" ಎಂದ. ಮೇಲಿನ ಕಂಪೆನಿ ಎಂದರೆ ಒಂದು ಚೀಟಿಯಲ್ಲಿದ್ದ ಫೋನ್ ನಂಬರು. ನಾನೇ ಹಚ್ಚಿಕೊಟ್ಟೆ. ಕನ್ನಡಕ್ಕೆ ಒಂದು ಒತ್ತಿ ಅಂತ ಒಂದು ಯಂತ್ರ ಮಾತಾಡಿತು. ಒತ್ತಿದೆವು. ಪಾಟು ಹಾಕಿತು. ಅವ್ವ ಆ ಪಾಟನ್ನು ಸ್ವಲ್ಪ ಹೊತ್ತು ಕೇಳಿ, ಫೋನು ನನ್ನ ಕೈಗೆ ಕೊಟ್ಟು ಕೇಳಿದಳು: "ಅಲ್ಲ ಮಗಾ, ಈ ಕಂಪೆನಿಗೆ ಬಾಗಿಲು ಎಲ್ಲೈತಂತೆ? ಹೋಗಿ ಅದರ ಮುಂದೆ ಕೂತ್ಕೋತೀನಿ."

ನಾನು ಬಿ.ಎ. ಮಾಡಿದವನು. ರಾಜ್ಯಶಾಸ್ತ್ರದಲ್ಲಿ ಫಸ್ಟ್ ಕ್ಲಾಸು. ಅವ್ವನ ಈ ಒಂದು ಪ್ರಶ್ನೆಗೆ ನನ್ನ ಪುಸ್ತಕದಲ್ಲಿ ಉತ್ತರ ಇರಲಿಲ್ಲ.

ಕಂಪೆನಿ ಆಳೋದು ಮುಂದೆ ಬರುವ ಹೊಸ ಕಾಲ ಎಂದು ಪೇಟೆಯ ಪಂಡಿತರು ಹೇಳುತ್ತಾರೆ. ಅದರಲ್ಲಿ ಹೊಸದು ಏನೂ ಇಲ್ಲ. 1600ರ ಡಿಸೆಂಬರ್ 31ರಂದು ಇಂಗ್ಲೆಂಡಿನ ರಾಣಿ ಕೆಲವು ವ್ಯಾಪಾರಿಗಳಿಗೆ ಒಂದು ಸನ್ನದು ಬರೆದುಕೊಟ್ಟಳು. 1757ರಲ್ಲಿ ಆ ವ್ಯಾಪಾರಿಗಳು ಪ್ಲಾಸಿ ಯುದ್ಧ ಗೆದ್ದರು. 1765ರಲ್ಲಿ ಬಂಗಾಳದ ಕಂದಾಯ ಎತ್ತುವ ಹಕ್ಕು ಅವರ ಕೈಗೆ ಬಂತು. ಐದೇ ವರ್ಷಕ್ಕೆ, 1770ರಲ್ಲಿ, ಬಂಗಾಳಕ್ಕೆ ಬರ ಬಿತ್ತು. ಲಕ್ಷ ಲಕ್ಷ ಜನ ಹಸಿದು ಸತ್ತರು. ಕಂದಾಯ ವಸೂಲಿ ಮಾತ್ರ ನಿಲ್ಲಲಿಲ್ಲ. ಯಾಕೆ ನಿಲ್ಲಬೇಕು? ಸತ್ತವನು ಲಂಡನ್ನಿನಲ್ಲಿ ಷೇರು ಇಟ್ಟವನಲ್ಲ. ಕಂಪೆನಿ ಲೆಕ್ಕ ಒಪ್ಪಿಸಬೇಕಾದದ್ದು ಷೇರುದಾರನಿಗೆ. ಆಳಿಸಿಕೊಳ್ಳುವವನು ಬೇರೆ, ಲೆಕ್ಕ ಕೇಳುವವನು ಬೇರೆ. ಕಂಪೆನಿ ಆಳ್ವಿಕೆಯ ಒಳಗುಟ್ಟು ಇಷ್ಟೇ. 1858ರವರೆಗೆ ನಮ್ಮನ್ನು ಆಳಿದ್ದು ಒಂದು ಷೇರು ಕಂಪೆನಿ.

ನೀವು ಕೇಳಬಹುದು: ಕೋರೆಗಾಂವ್ ಏನಾಯಿತು? 1818ರ ಜನವರಿ 1ರಂದು ಪೇಶ್ವೆಯ ಸೈನ್ಯದ ಎದುರು ನಿಂತ ಮಹಾರ್ ಸಿಪಾಯಿಗಳು ಆ ಕಂಪೆನಿಯ ಸಿಪಾಯಿಗಳೇ ತಾನೆ? ಹೌದು. ಆ ಕಂಬದ ಮುಂದೆ ನಾವು ತಲೆ ಬಾಗುತ್ತೇವೆ. ಅದು ನಮ್ಮ ಜನರ ಎದೆಗಾರಿಕೆಗೆ, ಕಂಪೆನಿಯ ಉಪಕಾರಕ್ಕಲ್ಲ. ಬೇಕಾದಾಗ ಕೋವಿ ಕೊಟ್ಟ ಅದೇ ಬಿಳಿಯರ ಆಳ್ವಿಕೆ 1890ರ ದಶಕದಲ್ಲಿ ಮಹಾರರನ್ನು ಸೈನ್ಯಕ್ಕೆ ಸೇರಿಸುವುದನ್ನೇ ನಿಲ್ಲಿಸಿತು. ಅವರಿಗೆ ಬೇಕಿದ್ದದ್ದು ನಮ್ಮ ತೋಳು. ತೋಳಿನ ಜೊತೆ ಮನುಷ್ಯನೂ ಇದ್ದಾನೆ ಎಂಬುದು ಅವರ ಲೆಕ್ಕದ ಪುಸ್ತಕದಲ್ಲಿ ಇರಲಿಲ್ಲ.

ಇನ್ನೂ ಹತ್ತಿರಕ್ಕೆ ಬರೋಣ. ಕೋಲಾರ ಚಿನ್ನದ ಗಣಿ. ಕೆ.ಜಿ.ಎಫ್. ಅಂದ ಕೂಡಲೇ ನಮ್ಮ ಹುಡುಗರಿಗೆ ಸಿನಿಮಾ ನೆನಪಾಗುತ್ತೆ. ಸಿನಿಮಾದಲ್ಲಿ ಇಲ್ಲದ್ದನ್ನು ನಾನು ಹೇಳುತ್ತೇನೆ. 1880ರ ದಶಕದಿಂದ ಅಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಆಡಳಿತ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಹತ್ತಿರ ಹತ್ತಿರ ನೂರು ಮೈಲಿ ತಂತಿ ಹಾದು ಮೊದಲು ಬಂದದ್ದು ಆ ಗಣಿಗೆ. ಬೆಂಗಳೂರಿಗೆ ಅದು ಬಂದದ್ದು 1905ರಲ್ಲಿ. ರಾಜನ ಊರಿಗಿಂತ ಕಂಪೆನಿಯ ಯಂತ್ರಕ್ಕೆ ಮೂರು ವರ್ಷ ಮುಂಚೆ! ಮನೆ ಕಂಪೆನಿಯದು, ಆಸ್ಪತ್ರೆ ಕಂಪೆನಿಯದು, ಕಾವಲು ಕಂಪೆನಿಯದು. ಮೇಲೆ ಗುಡ್ಡದ ಮೇಲೆ ಸಾಹೇಬರ ಬಂಗಲೆ, ಕ್ಲಬ್ಬು. ಕೆಳಗೆ ಬಿದಿರು ತಟ್ಟಿಯ ಕೂಲಿ ಲೈನು. ಆ ಲೈನಿನಲ್ಲಿ ಯಾರಿದ್ದರು? ಉತ್ತರ ಆರ್ಕಾಟು, ಚಿತ್ತೂರು ಕಡೆಯಿಂದ ಬಂದ ನಮ್ಮವರು. ಆದಿ ದ್ರಾವಿಡರು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳ. ಆ ಆಳಕ್ಕೆ ಇಳಿದವರು ನಮ್ಮವರು. ಕಲ್ಲಿನ ದೂಳು ಎದೆಗೆ ತುಂಬಿಕೊಂಡು ಕೆಮ್ಮಿ ಸತ್ತವರು ನಮ್ಮವರು.

ಕಂಪೆನಿಗೆ ಜಾತಿ ಇಲ್ಲ ಅಂದೆಯಲ್ಲ ತಮ್ಮಾ, ಕಂಪೆನಿ ಜಾತಿಯನ್ನು ತರಲಿಲ್ಲ, ಒಪ್ಪುತ್ತೇನೆ. ಆದರೆ ಅದು ಇಲ್ಲಿಗೆ ಬಂದಾಗ ಯಾರು ಅಗ್ಗ ಎಂದು ಮೊದಲೇ ಬರೆದಿಟ್ಟ ಒಂದು ಪಟ್ಟಿ ನಮ್ಮ ದೇಶದಲ್ಲಿ ಸಿದ್ಧವಾಗಿತ್ತು. ಮನುವಿನ ಪಟ್ಟಿ. ಕಂಪೆನಿ ಆ ಪಟ್ಟಿ ಹರಿದು ಹಾಕಲಿಲ್ಲ. ಅದನ್ನೇ ಕೂಲಿ ಪಟ್ಟಿ ಮಾಡಿಕೊಂಡಿತು.

1930ರಲ್ಲಿ ಪ್ರತಿ ಕೂಲಿಯೂ ಬೆರಳಚ್ಚು ಕೊಟ್ಟು ಹೆಸರು ನೋಂದಾಯಿಸಿಕೊಳ್ಳಬೇಕು ಎಂದು ಗಣಿಯಲ್ಲಿ ಹೊಸ ನಿಯಮ ಬಂತು. ಬೆರಳಚ್ಚು ಕಳ್ಳರದು, ನಾವೇನು ಕಳ್ಳರೇ ಎಂದು ಸಾವಿರಾರು ಜನ ಕೆಲಸ ಬಿಟ್ಟು ನಿಂತರು. ಈವತ್ತು ನಮ್ಮವ್ವ ಬೆಳಗಿನ ಜಾವ ಯಂತ್ರಕ್ಕೆ ಹೆಬ್ಬೆಟ್ಟು ಕೊಟ್ಟು ಪೊರಕೆ ಹಿಡೀತಾಳೆ. ಕಸದಲ್ಲಿ ಸವೆದ ಹೆಬ್ಬೆಟ್ಟು ಯಂತ್ರಕ್ಕೆ ಗೊತ್ತಾಗದಿದ್ದರೆ ಆ ದಿನದ ಕೂಲಿ ಇಲ್ಲ. 1930ರ ಆ ಅಜ್ಜಂದಿರು ನಮಗಿಂತ ಮುಂದೆ ಇದ್ದರು. 1946ರ ನವೆಂಬರ್ 4ರಂದು ಅಲ್ಲಿ ಪೋಲೀಸರು ಗುಂಡು ಹಾರಿಸಿದರು. ಆರು ಜನ ಕಾರ್ಮಿಕರು ಸತ್ತರು. ಲಾಭ ಕಂಪೆನಿಯದು, ಗುಂಡು ಸರ್ಕಾರದ್ದು. ಸರ್ಕಾರ ಹೋಗಿ ಕಂಪೆನಿ ಬರುತ್ತೆ ಅನ್ನುವವರು ಇದನ್ನು ನೆನಪಿಡಬೇಕು. ಸರ್ಕಾರ ಪೂರ್ತಿ ಹೋಗಲ್ಲ. ಲಾಠಿ ಉಳಿಸ್ಕೊಂಡು ಉಳಿದದ್ದೆಲ್ಲ ಬಿಟ್ಟುಕೊಡುತ್ತೆ.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಹಳ್ಳಿಯ ದಣಿಯ ಜೀತದಿಂದ ಓಡಿ ಬಂದವನಿಗೆ ಗಣಿಯ ಕೂಲಿ ಕೈಗೆ ಸಿಕ್ಕ ಮೊದಲ ನಾಣ್ಯ. ಆ ನಾಣ್ಯದಲ್ಲೇ ಅವರು ಶಾಲೆ ಕಟ್ಟಿದರು, ಅಯೋತಿ ದಾಸರ ಶಾಕ್ಯ ಬೌದ್ಧ ಸಂಘದ ಶಾಖೆಯನ್ನು ಮಾರಿಕುಪ್ಪಂನಲ್ಲಿ ನಡೆಸಿದರು, ಪುಸ್ತಕ ಅಚ್ಚು ಹಾಕಿದರು. ಬಾಬಾಸಾಹೇಬರು ದೀಕ್ಷೆ ತಗೊಳ್ಳುವುದಕ್ಕೆ ಎಷ್ಟೋ ವರ್ಷ ಮುಂಚೆ ಗಣಿಯ ಕೂಲಿ ಬುದ್ಧನ ಹೆಸರು ಹೇಳುತ್ತಿದ್ದ. ಆದರೆ ಅದನ್ನು ಕಂಪೆನಿ ಕೊಡಲಿಲ್ಲ. ನೆಲದಾಳದಿಂದ ಮೇಲೆ ಬಂದವರು ಉಳಿದ ಉಸಿರಿನಲ್ಲಿ ಅದನ್ನು ಕಟ್ಟಿದರು.

1956ರಲ್ಲಿ ಗಣಿ ಸರ್ಕಾರದ ಕೈಗೆ ಬಂತು. 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಚಿನ್ನ ಹೋಯಿತು, ಸೈನೈಡ್ ಮಣ್ಣಿನ ಗುಡ್ಡ ಉಳಿಯಿತು. ಗಾಳಿ ಎದ್ದಾಗ ಆ ಮಣ್ಣು ಇವತ್ತೂ ಅವರ ಮೊಮ್ಮಕ್ಕಳ ತಟ್ಟೆಗೆ ಬೀಳುತ್ತೆ. ಆ ಮೊಮ್ಮಕ್ಕಳು ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಬರುತ್ತಾರೆ.

ಈಗ ಕಾನೂನಿನ ಮಾತು. ಬೇಸರ ಪಡಬೇಡಿ, ಇದೇ ಮುಖ್ಯ.

ಬಾಬಾಸಾಹೇಬರು ನಮಗೆ ಕೊಟ್ಟುಹೋದ ಆಯುಧಗಳನ್ನು ಎಣಿಸಿ ನೋಡಿ. ಕೆಲಸದಲ್ಲಿ ಮೀಸಲಾತಿ ಕೊಡಲು ಅವಕಾಶ ಮಾಡುವ ವಿಧಿ 16(4). ಹಕ್ಕು ಕಸಿದಾಗ ಕೋರ್ಟಿಗೆ ಹೋಗಲು 32 ಮತ್ತು 226. ಐದು ವರ್ಷಕ್ಕೊಮ್ಮೆ ವೋಟು. ಅವರ ನಂತರ ಬಂದದ್ದು ಎರಡು: ಪುರಸಭೆಯಲ್ಲಿ ನಮಗೂ ಹೆಂಗಸರಿಗೂ ಸೀಟು ಕಾದಿರಿಸುವ ವಿಧಿ 243ಟಿ, ಮತ್ತು 2005ರ ಮಾಹಿತಿ ಹಕ್ಕು. ಈ ಎಲ್ಲ ಆಯುಧಗಳ ಮೊನೆ ಯಾರ ಕಡೆಗಿದೆ? ಸರ್ಕಾರದ ಕಡೆಗೆ. ವಿಧಿ 12ರಲ್ಲಿ 'ರಾಜ್ಯ' ಎಂದರೆ ಯಾರು ಎಂದು ಬರೆದಿದೆ. ಸರ್ಕಾರ, ಶಾಸನಸಭೆ, ಪುರಸಭೆ, ಪಂಚಾಯತಿ, ಸರ್ಕಾರದ ಹಿಡಿತದ ಸಂಸ್ಥೆ. ಖಾಸಗಿ ಕಂಪೆನಿ ಅದರೊಳಗಿಲ್ಲ. ಅಸ್ಪೃಶ್ಯತೆ ತೊಡೆದುಹಾಕುವ 17ನೇ ವಿಧಿ ಎಲ್ಲರಿಗೂ ಅನ್ವಯ, ಜೀತ ನಿಷೇಧಿಸುವ 23 ಎಲ್ಲರಿಗೂ ಅನ್ವಯ, ಅದು ಸರಿ. 19 ಮತ್ತು 21ನೇ ವಿಧಿಗಳನ್ನು ಖಾಸಗಿಯವರ ವಿರುದ್ಧವೂ ಎತ್ತಬಹುದು ಎಂದು 2023ರಲ್ಲಿ ಸುಪ್ರೀಂ ಕೋರ್ಟು ಬಹುಮತದಿಂದ ಹೇಳಿದೆ, ಅದೂ ಒಳ್ಳೆಯದೇ. ಆದರೆ ಅನ್ನ ಕೊಡುವ 16(4) ಕಂಪೆನಿಯ ಗೇಟಿನ ಹೊರಗೇ ನಿಂತಿದೆ, ನಮ್ಮ ಹಾಗೆ, ಕೈ ಕಟ್ಟಿಕೊಂಡು.

ಆದ್ದರಿಂದ ಸಂವಿಧಾನ ಬದಲಾಯಿಸುತ್ತೇವೆ ಎಂದು ಕೂಗುವವನಿಗೆ ನಾವು ಹೆದರಬೇಕಿಲ್ಲ. ಅವನ ವಿರುದ್ಧ ಬೀದಿಗೆ ಇಳಿಯುವುದು ನಮಗೆ ಗೊತ್ತು. ಹೆದರಬೇಕಾದದ್ದು ಒಂದು ಅಕ್ಷರವನ್ನೂ ತಿದ್ದದೆ, ಸರ್ಕಾರದ ಒಂದೊಂದು ಕೆಲಸವನ್ನೂ ಕಂಪೆನಿಯ ಕೈಗೆ ದಾಟಿಸುವವನಿಗೆ. ಸಂವಿಧಾನ ಕಪಾಟಿನಲ್ಲಿ ಹಾಗೇ ಇರುತ್ತೆ, ಪೂಜೆ ಮಾಡಿಸಿಕೊಂಡು. ಅದು ಹಿಡಿಯಬೇಕಾದ ಕುತ್ತಿಗೆ ಮಾತ್ರ ಜಾಗ ಬದಲಿಸಿರುತ್ತೆ.

ಉದಾಹರಣೆ ಬೇಕೇ? 2001ರಲ್ಲಿ ಬಾಲ್ಕೋ ಎಂಬ ಸರ್ಕಾರಿ ಅಲ್ಯೂಮಿನಿಯಂ ಕಾರ್ಖಾನೆಯ ಶೇ. 51 ಷೇರು ಮಾರಿದರು. ಕಾರ್ಮಿಕರು ಕೋರ್ಟಿಗೆ ಹೋದರು. ಮಾರಾಟ ಸರ್ಕಾರದ ಆರ್ಥಿಕ ನೀತಿ, ಕಾರ್ಮಿಕರಿಗೆ ಅದನ್ನು ತಡೆಯುವ ಹಕ್ಕಿಲ್ಲ ಎಂದು ತೀರ್ಪು ಬಂತು. 2022ರ ಜನವರಿಯಲ್ಲಿ ಏರ್ ಇಂಡಿಯಾ ಟಾಟಾ ಕೈಗೆ ಹೋಯಿತು. ಮಾರಿದ ಮಾರನೇ ದಿನದಿಂದ ಆ ಗೇಟಿನೊಳಗೆ ರೋಸ್ಟರ್ ಇಲ್ಲ. 2006ರಲ್ಲಿ ನಮ್ಮ ರಾಜ್ಯದಿಂದಲೇ ಹೋದ ಉಮಾದೇವಿ ಪ್ರಕರಣದಲ್ಲಿ, ಕ್ರಮಬದ್ಧ ನೇಮಕ ಆಗದ ದಿನಗೂಲಿಯವರಿಗೆ ಕಾಯಂ ಮಾಡಿ ಎಂದು ಕೇಳುವ ಹಕ್ಕಿಲ್ಲ ಎಂದಾಯಿತು. ಕ್ರಮಬದ್ಧ ನೇಮಕ ಮಾಡದಿದ್ದದ್ದು ಯಾರ ತಪ್ಪು? ಮೇಲಿನವರದು. ಶಿಕ್ಷೆ ಯಾರಿಗೆ? ಹೊರಗುತ್ತಿಗೆಯಲ್ಲೂ ಮೀಸಲಾತಿ ಪಾಲಿಸಿ ಎಂದು 2024ರಲ್ಲಿ ರಾಜ್ಯ ಸರ್ಕಾರ ಆದೇಶ ಹೊರಡಿಸಿತು. ಸಂತೋಷ. ಆದರೆ ಹನ್ನೊಂದು ತಿಂಗಳ ಚಾಕರಿಯಲ್ಲಿ ಕಾದಿರಿಸಿದ್ದೇನು? ಕಸಬರಿಕೆ ಹಿಡಿಯಲು ನಮಗೆ ಯಾವತ್ತು ಮೀಸಲಾತಿ ಇರಲಿಲ್ಲ?

ಇನ್ನು ನಗರವನ್ನೇ ಕಂಪೆನಿಗೆ ಕೊಡುವ ಬಾಗಿಲು. 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂತು. ಪುರಸಭೆಗಳಿಗೆ ಚುನಾವಣೆ, ನಮಗೆ ಮೀಸಲು ಸೀಟು ಎಲ್ಲಾ ಸಂವಿಧಾನದಲ್ಲೇ ಕಡ್ಡಾಯವಾದದ್ದು ಅದರಿಂದ. ಅದೇ ತಿದ್ದುಪಡಿಯಲ್ಲಿ, 243ಕ್ಯೂ ವಿಧಿಯ ಬಾಲದಲ್ಲಿ, ಒಂದು ಸಣ್ಣ ವಾಕ್ಯ ಇದೆ. ಒಂದು ಪ್ರದೇಶದಲ್ಲಿ ಕೈಗಾರಿಕೆಯೇ ಪುರಸಭೆಯ ಸೇವೆಗಳನ್ನು ಕೊಡುತ್ತಿದ್ದರೆ, ಕೊಡುತ್ತೇನೆ ಅಂದರೂ ಸರಿಯೇ, ರಾಜ್ಯಪಾಲರು ಅದನ್ನು ಕೈಗಾರಿಕಾ ಟೌನ್‌ಶಿಪ್ ಎಂದು ಘೋಷಿಸಬಹುದು. ಆಗ ಅಲ್ಲಿ ಪುರಸಭೆಯೇ ಬೇಡ. ಪುರಸಭೆ ಇಲ್ಲ ಎಂದರೆ ಚುನಾವಣೆ ಇಲ್ಲ. ಚುನಾವಣೆ ಇಲ್ಲ ಎಂದರೆ ಮೀಸಲು ಸೀಟು ಎಲ್ಲಿಂದ ಬರಬೇಕು? ಜಮ್‌ಶೆಡ್‌ಪುರದಲ್ಲಿ ಉಕ್ಕಿನ ಕಂಪೆನಿಯ ಪ್ರದೇಶಕ್ಕೆ ನೀರು, ದೀಪ, ಕಸ ಎಲ್ಲಾ ಕಂಪೆನಿಯದೇ, ತಲೆಮಾರುಗಳಿಂದ. ನಮ್ಮ ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಲ್ಲಿ 2013ರಲ್ಲಿ ಇಂಥ ಟೌನ್‌ಶಿಪ್ ಪ್ರಾಧಿಕಾರ ಬಂತು. ತೆರಿಗೆ ಎತ್ತುವುದು ಅದೇ. ರಸ್ತೆ ಚೆನ್ನಾಗಿದೆ, ದೀಪ ಉರಿಯುತ್ತೆ, ಸುಳ್ಳು ಹೇಳಲ್ಲ. ಆದರೆ ಆ ರಸ್ತೆ ಗುಡಿಸುವವಳು ಆ ಪ್ರಾಧಿಕಾರಕ್ಕೆ ವೋಟು ಹಾಕಿ ಯಾರನ್ನೂ ಕಳಿಸುವ ಹಾಗಿಲ್ಲ. ಚಂದದ ರಸ್ತೆಗೂ ಒಂದು ಅಗ್ರಹಾರದ ಬುದ್ಧಿ ಇರುತ್ತೆ, ಗೆಳೆಯರೇ. ಅಗ್ರಹಾರವೂ ಚೊಕ್ಕಟವಾಗೇ ಇತ್ತು.

ಹೊರದೇಶದಲ್ಲಿ ಇದು ಇನ್ನೂ ಮುಂದೆ ಹೋಗಿದೆ. ಮಧ್ಯ ಅಮೆರಿಕದ ಹೊಂಡುರಾಸ್ ಎಂಬ ಬಡ ದೇಶ 2013ರಲ್ಲಿ ಒಂದು ಕಾನೂನು ಮಾಡಿತು. ಅದರ ಪ್ರಕಾರ ಬಂಡವಾಳ ಹಾಕಿದವರು ವಿಶೇಷ ವಲಯ ಕಟ್ಟಿಕೊಂಡು ತಮ್ಮದೇ ನಿಯಮ, ತಮ್ಮದೇ ತೆರಿಗೆ, ತಮ್ಮದೇ ನ್ಯಾಯ ಪಂಚಾಯತಿ ಇಟ್ಟುಕೊಳ್ಳಬಹುದು. ರೊಆಟಾನ್ ಎಂಬ ದ್ವೀಪದಲ್ಲಿ ಪ್ರೋಸ್ಪೆರಾ ಎಂಬ ಕಂಪೆನಿ ನಗರ ಎದ್ದಿತು. ಅದರ ಪಕ್ಕದಲ್ಲೇ ಕ್ರಾಫಿಷ್ ರಾಕ್ ಅಂತ ಕರಿಯ ಜನರ ಹಳೆಯ ಊರು. ನೋಡಿ, ಅಲ್ಲಿಯೂ ಅಗ್ರಹಾರದ ಪಕ್ಕದಲ್ಲಿ ಕೇರಿ! ಆ ಜನ ಹೋರಾಡಿದರು, ದೇಶ ಎದ್ದಿತು. 2022ರಲ್ಲಿ ಅಲ್ಲಿಯ ಸಂಸತ್ತು ಆ ಕಾನೂನು ರದ್ದು ಮಾಡಿತು. 2024ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಅದು ಸಂವಿಧಾನಕ್ಕೆ ವಿರುದ್ಧ ಎಂದಿತು. ಕಂಪೆನಿ ಸುಮ್ಮನಾಯಿತೇ? ನಮಗೆ ನಷ್ಟವಾಯಿತು ಎಂದು ಹತ್ತು ಬಿಲಿಯನ್ ಡಾಲರಿಗೂ ಮಿಕ್ಕಿದ ಪರಿಹಾರ ಕೇಳಿ ಅಂತಾರಾಷ್ಟ್ರೀಯ ಪಂಚಾಯತಿಯಲ್ಲಿ ದಾವೆ ಹೂಡಿತು. ಜನ ವೋಟು ಹಾಕಿ ಕಾನೂನು ಬದಲಿಸಿದರೆ ಜನಕ್ಕೇ ದಂಡ.

ನಮ್ಮಲ್ಲೂ ಇದರ ಸಣ್ಣ ಪಾಠ ನಡೆದಿದೆ. 2024ರ ಜುಲೈನಲ್ಲಿ ರಾಜ್ಯದ ಮಂತ್ರಿಮಂಡಲ ಖಾಸಗಿ ಉದ್ಯಮಗಳ ಮ್ಯಾನೇಜರ್ ಮಟ್ಟದ ಹುದ್ದೆಯಲ್ಲಿ ಶೇ. 50, ಉಳಿದದ್ದರಲ್ಲಿ ಶೇ. 70 ಸ್ಥಳೀಯರಿಗೆ ಎಂದು ಮಸೂದೆ ಒಪ್ಪಿತು. ಕಂಪೆನಿಯವರು ಗುಡುಗಿದರು. ಎರಡು ದಿನದಲ್ಲಿ ಮಸೂದೆ ತಡೆಹಿಡಿಯಲ್ಪಟ್ಟಿತು. ಅದು ನಮ್ಮ ಜಾತಿಯವರಿಗೆ ಅಂತ ತಂದ ಮಸೂದೆಯೂ ಅಲ್ಲ, ಬರೀ ಕನ್ನಡ ನೆಲದವರಿಗೆ. ಅಷ್ಟಕ್ಕೇ ಹೀಗಾದರೆ, ಹೊಲೆಯ ಮಾದಿಗರಿಗೆ ಪಾಲು ಕೊಡಿ ಎಂದು ಕೇಳಿದ ದಿನ ಎಷ್ಟು ಗುಡುಗಬಹುದು? ಆ ಎರಡು ದಿನ ವಿಧಾನಸೌಧದಲ್ಲಿ ಆಳಿದವರು ಯಾರು?

ಈಗ ತಮ್ಮನ ನಿಜವಾದ ಅರ್ಧ ಮಾತಿಗೆ ಬರುತ್ತೇನೆ. ಸರ್ಕಾರ ನಮ್ಮದೇ? ಅಲ್ಲ. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ನಮ್ಮ ಏಳು ಜನರನ್ನು ಸುಟ್ಟರು. 2006ರಲ್ಲಿ ಆರೋಪಿಗಳು ಬಿಡುಗಡೆಯಾದರು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಏಳು ಜನರನ್ನು ಬೆಂಕಿ ತಾನಾಗೇ ಬಂದು ಸುಟ್ಟಿತಂತೆ! ಇಂಥ ಸರ್ಕಾರವನ್ನು, ಇಂಥ ನ್ಯಾಯವನ್ನು ನಾನು ಹೊಗಳುತ್ತಿಲ್ಲ.

ಆದರೆ ಸರ್ಕಾರಕ್ಕೆ ಒಂದು ಬಾಗಿಲಿದೆ. ಅದರ ಮುಂದೆ ಕೂರಬಹುದು, ಅದನ್ನು ಒದೆಯಬಹುದು. 2022ರ ಜುಲೈ ಮೊದಲ ವಾರದಲ್ಲಿ ರಾಜ್ಯದ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಕೂತರು. ಊರು ನಾರಿತು. ಮಾತು ಕೊಡಿಸಿಕೊಂಡು ಎದ್ದರು. 2025ರ ಮೇ 1ರಂದು ಬೆಂಗಳೂರಿನ ಹನ್ನೆರಡು ಸಾವಿರಕ್ಕೂ ಮಿಕ್ಕಿದ ಪೌರಕಾರ್ಮಿಕರ ಕೈಗೆ ಕಾಯಂ ನೇಮಕಾತಿ ಪತ್ರ ಬಂತು. ಅದು ಯಾವ ದೊರೆಯ ಭಿಕ್ಷೆಯೂ ಅಲ್ಲ. ಸರ್ಕಾರಕ್ಕೆ ವೋಟಿನ ಹೆದರಿಕೆ ಇದೆ, ಕಂಪೆನಿಗೆ ನಮ್ಮ ವೋಟು ಬೇಡ. ನಮ್ಮ ಹಾಸ್ಟೆಲ್ ಹುಡುಗರು ರಾತ್ರಿ ಬೈಕಿನಲ್ಲಿ ಊಟದ ಪೊಟ್ಟಣ ಹೊರುತ್ತಾರೆ. ಒಂದು ದಿನ ಬೆಳಗ್ಗೆ ಫೋನಿನಲ್ಲಿ ಐಡಿ ಬ್ಲಾಕ್. ಯಾಕೆ ಎಂದು ಕೇಳಲು ಯಾರೂ ಇಲ್ಲ. 2025ರಲ್ಲಿ ಕರ್ನಾಟಕ ಗಿಗ್ ಕೆಲಸಗಾರರ ಕಾಯ್ದೆ ತಂದು, ಕೆಲಸದಿಂದ ತೆಗೆಯುವ ಮುಂಚೆ ಕಾರಣ ಹೇಳಬೇಕು, 14 ದಿನದ ನೋಟೀಸು ಕೊಡಬೇಕು ಎಂದಿತು. ಆ ಸಣ್ಣ ಕಿಂಡಿಯನ್ನು ತೆರೆಸಿದ್ದೂ ಸರ್ಕಾರದ ಬಾಗಿಲ ಮುಂದೆ ಕೂತು ಕೂತು.

ಬಾಬಾಸಾಹೇಬರಿಗೆ ಇದು 1947ರಲ್ಲೇ ಗೊತ್ತಿತ್ತು. 'ರಾಜ್ಯಗಳು ಮತ್ತು ಅಲ್ಪಸಂಖ್ಯಾತರು' ಎಂಬ ಮನವಿಯಲ್ಲಿ ಮೂಲ ಕೈಗಾರಿಕೆ ಸರ್ಕಾರದ್ದಾಗಬೇಕು, ವಿಮೆ ಸರ್ಕಾರದ್ದಾಗಬೇಕು, ಬೇಸಾಯವೂ ಸರ್ಕಾರದ ಉದ್ಯಮವಾಗಬೇಕು, ಇದನ್ನು ಮುಂದೆ ಬಂದ ಬಹುಮತ ಕಿತ್ತುಹಾಕದ ಹಾಗೆ ಸಂವಿಧಾನದಲ್ಲೇ ಬರೆಯಬೇಕು ಎಂದು ವಾದಿಸಿದರು. ಸರ್ಕಾರ ಹಿಂದೆ ಸರಿದರೆ ಆ ಜಾಗ ಬಡವನ ಸ್ವಾತಂತ್ರ್ಯಕ್ಕೆ ಸಿಗಲ್ಲ, ಮಾಲೀಕನ ಸರ್ವಾಧಿಕಾರಕ್ಕೆ ಸಿಗುತ್ತೆ ಎಂಬುದು ಅವರ ವಾದದ ತಿರುಳು. ಆ ಮಾತನ್ನು ಸಂವಿಧಾನದಲ್ಲಿ ಸೇರಿಸಲು ಅವರಿಗೆ ಬಿಡಲಿಲ್ಲ. ಬಿಟ್ಟುಹೋದ ಆ ಪುಟವನ್ನು ಬರೆಯಿಸುವುದು ನಮ್ಮ ತಲೆಮಾರಿನ ಕೆಲಸ.

ಏನು ಕೇಳಬೇಕು? ಒಂದು, ಸರ್ಕಾರದ ಕೆಲಸ ಮಾಡುವ, ಸರ್ಕಾರದ ನೆಲ, ನೀರು, ತೆರಿಗೆ ರಿಯಾಯಿತಿ ತಿನ್ನುವ ಪ್ರತಿ ಕಂಪೆನಿಯಲ್ಲೂ ಮೀಸಲಾತಿ. ಎರಡು, ಅಂಥ ಕಂಪೆನಿ ಮಾಹಿತಿ ಹಕ್ಕಿಗೂ ರಿಟ್ಟಿಗೂ ಉತ್ತರ ಕೊಡಬೇಕು. ಮೂರು, ಟೌನ್‌ಶಿಪ್ ಎಂದು ಬೇಲಿ ಹಾಕಿದ ಕಡೆಯೂ ಚುನಾಯಿತ ಸಭೆ, ಅದರಲ್ಲಿ ನಮ್ಮ ಸೀಟು. ನಾಲ್ಕು, ಕಾಯಂ ಇರುವ ಕೆಲಸಕ್ಕೆ ಕಾಯಂ ಮನುಷ್ಯ.

ಮತ್ತೆ, ಈ ಹಾಳೆ ಓದಿ ಮಡಚಿ ದಿಂಬಿನ ಕೆಳಗೆ ಇಡಬೇಡಿ. ನಾಳೆ ಬೆಳಗ್ಗೆ ನಿಮ್ಮ ಹಾಸ್ಟೆಲಿನ ಅಡುಗೆ ಅಕ್ಕನನ್ನು ಕೇಳಿ: ನಿನ್ನ ಸಂಬಳ ಯಾರು ಕೊಡೋದು? ಕಾಲೇಜಿನ ಕಕ್ಕಸು ತೊಳೆಯುವ ಅಣ್ಣನನ್ನು ಕೇಳಿ, ಗೇಟಿನ ಕಾವಲಿನವನನ್ನು ಕೇಳಿ. ಹಿಂದೆ ಆ ಜಾಗದಲ್ಲಿ ಎಷ್ಟು ಕಾಯಂ ಹುದ್ದೆ ಇದ್ದವು, ಅದರಲ್ಲಿ ನಮ್ಮವು ಎಷ್ಟು, ಅವು ಯಾವ ಏಜೆನ್ಸಿ ಹೊಟ್ಟೆಗೆ ಹೋದವು ಎಂದು ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಒಂದೊಂದು ಹಾಸ್ಟೆಲಿನಿಂದ ಒಂದೊಂದು ಪಟ್ಟಿ ಬರಲಿ. ಮುಂದಿನ ಸಭೆಯಲ್ಲಿ ಆ ಪಟ್ಟಿಗಳನ್ನು ಗಟ್ಟಿಯಾಗಿ ಓದೋಣ. ಕವಿತೆ ಆಮೇಲೆ ಓದಿದರಾಯಿತು.

ಅವ್ವನ ಸಂಬಳ ಐದನೇ ತಿಂಗಳಿಗೆ ಬಂತು, ಒಂದು ತಿಂಗಳದ್ದು ಕಡಿಮೆ. ಆ ಒಂದು ತಿಂಗಳು ಎಲ್ಲಿ ಹೋಯಿತು ಎಂದು ಇವತ್ತಿಗೂ ಯಾರೂ ಹೇಳಿಲ್ಲ. ಅವಳು ಈಗಲೂ ಕೇಳುತ್ತಾಳೆ, ಬಾಗಿಲು ಸಿಕ್ತೇನೋ ಅಂತ. ಇನ್ನೂ ಇಲ್ಲ ಅವ್ವಾ. ಬಾಗಿಲಿಲ್ಲದ ಗೋಡೆಯಾದರೆ ನಾವೇ ಹಾರೆ ತಗೊಂಡು ಬಾಗಿಲು ಕೊರೆಯಬೇಕು. ಗಣಿ ಕೊರೆದ ಕೈಗೆ ಗೋಡೆ ಏನು ಮಹಾ?

ಜೈ ಭೀಮ್.